ಮೈಸೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಅಮ್ಮನ ಮಂಡಿಗೆ ನೇರ ವಿಮಾನವೇ ಸರಿ

ತಂಗಿಯ ಬಾಣಂತನಕ್ಕೆ ಅಂತ 2023ರ ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾದ ನೇರ ವಿಮಾನ. ಅಮ್ಮನಿಗೆ 71 ವರ್ಷ, ಎರಡೂ ಮಂಡಿ ನೋವು.

ಅದಕ್ಕೆ ಮುಂಚೆ ಒಂದು ಸಲ ನಡುವೆ ವಿಮಾನ ಬದಲಿಸಿ ಹೋಗಿದ್ದೆವು. ಬರೆಸಿದ್ದ ವೀಲ್‌ಚೇರ್ ಅಲ್ಲಿ ಬರಲೇ ಇಲ್ಲ. ನನ್ನ ಭುಜ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ ಅಮ್ಮ ಇನ್ನೊಂದು ಗೇಟಿನವರೆಗೆ ನಡೆದಳು. ಆವತ್ತೇ ತೀರ್ಮಾನ ಮಾಡಿದ್ದೆ, ಇನ್ನು ಮೇಲೆ ನೇರ ವಿಮಾನ ಸಿಕ್ಕರೆ ಅದೇ ಅಂತ.

ದೂರದಲ್ಲೂ ಲಾಭವೇ. ನೇರವಾಗಿ ಸುಮಾರು 14,000 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಅಲ್ಲಿವರೆಗೆ 7,400, ಅಲ್ಲಿಂದ ಮುಂದೆ 9,100, ಎರಡೂ ಸೇರಿ 16,500. ಕಾಯುವ ಹೊತ್ತು ಬೇರೆ.

ಟಿಕೆಟ್ ಮಾಡಿಸಿಕೊಟ್ಟವರು "ಹದಿನಾರು ಗಂಟೆ ಅಷ್ಟೇ ಮೇಡಂ" ಅಂದಿದ್ದರು. ಹಾರಾಟಕ್ಕೆ ಹಿಡಿದದ್ದು ಹೆಚ್ಚುಕಮ್ಮಿ ಅಷ್ಟೇ. ಆದರೆ ಮೈಸೂರಿನವರಿಗೆ ಲೆಕ್ಕ ಅಲ್ಲಿಂದ ಶುರುವಾಗಲ್ಲ, ಅಲ್ವಾ? ಕುವೆಂಪುನಗರದ ಮನೆ ಬಿಟ್ಟಾಗ ಬೆಳಿಗ್ಗೆ ಆರು. ಸೀದಾ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿದೆವು. ಸುಮಾರು 180 ಕಿ.ಮೀ., ನಾಲ್ಕು ಗಂಟೆ ದಾರಿ. ಟ್ಯಾಕ್ಸಿಗಿಂತ ಇದೇ ಇಷ್ಟ ನನಗೆ. ಕಾಲು ಚಾಚಿ ಕೂರಬಹುದು, ಲಗೇಜ್ ಕೆಳಗೆ ಹಾಕಿಕೊಳ್ಳುತ್ತಾರೆ. ವಿಮಾನ ಮಧ್ಯಾಹ್ನ ಎರಡರ ಮೇಲೆ.

ಅಮ್ಮ ಎರಡು ಗಂಟೆಗೊಮ್ಮೆ ಸೀಟಿನ ಬೆನ್ನು ಹಿಡಿದು ಎದ್ದು, ಹಿಂದಿನವರೆಗೂ ಹೋಗಿ ಬರುತ್ತಿದ್ದಳು. ಮತ್ತೆ ಕೂತು, ಸೀರೆ ಮೇಲಿಂದಲೇ ಮಂಡಿ ಚಿಪ್ಪನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದಳು. ನಾವು ಪೂರ್ವಕ್ಕೆ, ಪೆಸಿಫಿಕ್ ಸಾಗರ ದಾಟಿಕೊಂಡು ಹೋದೆವು. "ಇನ್ನೂ ನೀರೇ ಏನೇ?" ಅಂತ ಎಷ್ಟು ಸಲ ಕೇಳಿದಳೋ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ, ಚಳಿಗಾಲದಲ್ಲಂತೂ ಇನ್ನೂ ಜೋರು. ಹಿಂದಿನಿಂದ ತಳ್ಳಿದ ಹಾಗೆ. ವಾಪಸ್ ಬರುವಾಗ ಅದರ ಸಹಾಯ ಇಲ್ಲ, ಒಂದು ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ.

ಇಳಿದಾಗ ಅಲ್ಲಿ ಅದೇ ದಿನದ ಸಂಜೆ ಐದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ವಿಮಾನದ ಬಾಗಿಲಲ್ಲೇ ವೀಲ್‌ಚೇರ್ ಕಾದಿತ್ತು. ನನಗೆ ಕಣ್ಣು ತುಂಬಿ ಬಂತು. ಇಮಿಗ್ರೇಷನ್ ಮುಗಿಸಿ ಸನ್ನಿವೇಲ್‌ನಲ್ಲಿ ತಂಗಿ ಮನೆ ಬಾಗಿಲಿಗೆ ಬಂದಾಗ ಅಮ್ಮನ ಕೈಗಡಿಯಾರದಲ್ಲಿ, ಅಂದರೆ ಮೈಸೂರಿನ ಟೈಮಲ್ಲಿ, ಮಾರನೇ ದಿನ ಬೆಳಿಗ್ಗೆ ಎಂಟೂವರೆ. ಮನೆ ಬಿಟ್ಟು ಇಪ್ಪತ್ತಾರೂವರೆ ಗಂಟೆ. ಮಂಡಿ ಸ್ವಲ್ಪ ಊದಿತ್ತು, ನಿಜ. ಆದರೂ ಹೋದ ಸಲದ ಹಾಗೆ ಎರಡು ದಿನ ಮಲಗಲಿಲ್ಲ. ಕೈಕಾಲು ತೊಳೆದು ಸೀದಾ ಮಗು ಎತ್ತಿಕೊಂಡಳು.

ಹೋಗುವವರು ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬರೆಸಿ, ಓಡಾಡುವ ದಾರಿ ಪಕ್ಕದ ಸೀಟನ್ನೇ ಕೇಳಿ. ವಿಮಾನಗಳ ವೇಳಾಪಟ್ಟಿ ಬದಲಾಗುತ್ತಿರುತ್ತೆ, ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಮೊದಲು ನೋಡಿಕೊಳ್ಳಿ.