ಮೆಟಲ್, ಸೆರಾಮಿಕ್, ಜಿರ್ಕೋನಿಯಾ: ನನ್ನ ಬಾಯಲ್ಲಿರುವ ಮೂರು ಕ್ಯಾಪ್‌ಗಳು

ನನ್ನ ಬಾಯಲ್ಲಿ ಈಗ ಮೂರು ಬಗೆಯ ಕ್ಯಾಪ್‌ಗಳಿವೆ. ಕೆಳಗೆ ಬಲಗಡೆ ಕೊನೆಯ ದವಡೆ ಹಲ್ಲಿಗೆ ಪೂರ್ತಿ ಮೆಟಲ್. ಮೇಲೆ ಎಡಗಡೆ, ನಕ್ಕರೆ ಕಾಣುವ ಹಲ್ಲಿಗೆ, ಒಳಗೆ ಲೋಹ ಹೊರಗೆ ಪಿಂಗಾಣಿ ಇರುವ ಸೆರಾಮಿಕ್. ಕೆಳಗೆ ಎಡಗಡೆ ಜಿರ್ಕೋನಿಯಾ, ಅಂದರೆ ಲೋಹವಿಲ್ಲದ, ಬಿಳಿ ಬಣ್ಣದ ಬಲು ಗಟ್ಟಿ ಸೆರಾಮಿಕ್. ಹಲ್ಲುಗಳು ಒಂದೊಂದಾಗಿ ಕೈಕೊಟ್ಟಾಗ ಹಾಕಿಸಿಕೊಂಡದ್ದು ಇವು. ಮೂರೂ ಅದೇ ಊಟ ಅಗಿದು, ಅದೇ ಬ್ರಷ್ ಕಂಡು ವರ್ಷಗಟ್ಟಲೆ ಬಾಳಿವೆ. ಹಾಗಾಗಿ ಯಾವುದು ಹೇಗೆ ಅಂತ ಧೈರ್ಯವಾಗಿ ಹೇಳಬಲ್ಲೆ.

ಅದಕ್ಕೂ ಮೊದಲು ಒಂದು ಮಾತು. ರೂಟ್ ಕೆನಾಲ್ ಮುಗಿದ ಮೇಲೆ ಸಾಮಾನ್ಯವಾಗಿ ನೋವು ನಿಲ್ಲುತ್ತದೆ. ಆಮೇಲೆ ಕ್ಯಾಪ್ ಯಾಕೆ, ಸುಮ್ನೆ ದುಡ್ಡು ಅಂತ ಬಿಡುವವರು ಬಹಳ ಜನ. ದವಡೆ ಹಲ್ಲಿನ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಹುಳುಕು ತಿಂದು, ಡಾಕ್ಟರ್ ಒಳಗಿನ ನರ ತೆಗೆಯಲು ಮೇಲಿಂದ ಕೊರೆದು, ಕೊನೆಗೆ ಉಳಿಯುವುದು ಸುತ್ತಲಿನ ತೆಳು ಗೋಡೆಗಳು. ನಾವು ಅಗಿಯುವಾಗೆಲ್ಲ ಆ ಗೋಡೆಗಳು ಹೊರಕ್ಕೆ ತಳ್ಳಿಸಿಕೊಳ್ಳುತ್ತವೆ. ಒಂದು ದಿನ ಹಲ್ಲು ಬೇರಿನವರೆಗೂ ಸೀಳಿದರೆ ಕೀಳಿಸುವುದೊಂದೇ ದಾರಿ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಆ ಗೋಡೆಗಳನ್ನು ಸುತ್ತ ಹಿಡಿದಿಡುತ್ತದೆ. ಹಾಗೆ ಹಿಡಿಯಲು ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು. ಮುಂದಿನ ಹಲ್ಲುಗಳ ಲೆಕ್ಕ ಬೇರೆ. ಹೆಚ್ಚಿನ ಭಾಗ ಗಟ್ಟಿ ಇದ್ದರೆ ಎಷ್ಟೋ ಸಲ ಬರೀ ಫಿಲ್ಲಿಂಗ್ ಸಾಕಾಗುತ್ತದೆ.

ಮೆಟಲ್ ಕ್ಯಾಪ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ. ನಿಕ್ಕಲ್-ಕ್ರೋಮಿಯಂ ಅಥವಾ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ್ದು. ಮೂರರಲ್ಲಿ ಇದೇ ಅಗ್ಗ. ಲೋಹ ತೆಳ್ಳಗಿದ್ದರೂ ಮುರಿಯುವುದಿಲ್ಲ, ಹಾಗಾಗಿ ಹಲ್ಲನ್ನು ತೇಯುವುದೂ ಕಡಿಮೆ. ಒಸಡಿನ ಹತ್ತಿರ ಅರ್ಧ ಮಿಲಿಮೀಟರ್‌ ಆಸುಪಾಸು ಜಾಗ ಸಿಕ್ಕರೆ ಅದಕ್ಕೆ ಸಾಕು. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ, ಈ ಉಳಿತಾಯ ಸಣ್ಣದಲ್ಲ. ನಿಪ್ಪಟ್ಟು, ಚಕ್ಕುಲಿ, ಹುರಿಗಡಲೆ ಎಲ್ಲ ಅದರ ಮೇಲೆ ಅಗಿದಿದ್ದೇನೆ. ಒಂದು ಚೂರೂ ಎದ್ದಿಲ್ಲ. ನಮ್ಮ ಅತ್ತೆಯವರ ಬಾಯಲ್ಲೂ ಇದೇ ಇದೆ, ನನ್ನದಕ್ಕಿಂತ ಹಳೆಯದು, ಇವತ್ತಿಗೂ ಹಾಗೇ ಗಟ್ಟಿ.

ಬಣ್ಣ ಬೆಳ್ಳಿ, ಅದೊಂದೇ ಜನರ ತಕರಾರು. ಆದರೆ ಕೊನೆಯ ದವಡೆ ಹಲ್ಲನ್ನು ಯಾರು ನೋಡುತ್ತಾರೆ? ನಿಜವಾಗಿ ಗಮನಿಸಬೇಕಾದದ್ದು ಬೇರೆ. ಆರ್ಟಿಫಿಶಿಯಲ್ ಓಲೆ ಹಾಕಿದರೆ ಕಿವಿ ಕೆರೆಯುತ್ತದೆ ಅನ್ನುವವರಿಗೆ ನಿಕ್ಕಲ್ ಅಲರ್ಜಿ ಇರಬಹುದು. ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ನರ ತೆಗೆಯದ ಹಲ್ಲಿಗೆ ಹಾಕಿದರೆ ಬಿಸಿ, ತಣ್ಣಗೆ ಬೇಗ ದಾಟುತ್ತದೆ, ಸ್ವಲ್ಪ ದಿನ ಜುಮ್ಮೆನ್ನಬಹುದು. ಮುಂದೆ ತಲೆಯ ಎಂಆರ್‌ಐ ಮಾಡಿಸಬೇಕಾದರೆ ಬಾಯಿಯ ಸುತ್ತ ಚಿತ್ರ ಮಸುಕಾಗಬಹುದು, ಅಲ್ಲೂ ಮೊದಲೇ ತಿಳಿಸಬೇಕು.

ಇನ್ನು ಸೆರಾಮಿಕ್. ಕ್ಲಿನಿಕ್‌ನಲ್ಲಿ ಬರೀ 'ಸೆರಾಮಿಕ್' ಅಂದರೆ ಹೆಚ್ಚಾಗಿ ಒಳಗೆ ಲೋಹ ಇರುವುದೇ. 1962ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು, ಆಮೇಲೆ ದಶಕಗಟ್ಟಲೆ ಎಲ್ಲ ಕಡೆ ಇದರದ್ದೇ ರಾಜ್ಯ. ತೆಳು ಲೋಹದ ಟೋಪಿ ಮಾಡಿ, ಅದರ ಕಪ್ಪು ಮುಚ್ಚಲು ಒಂದು ಪದರ ಹಚ್ಚಿ, ಮೇಲೆ ಪಿಂಗಾಣಿ ಪದರಗಳನ್ನು ಇಟ್ಟು ಕುಲುಮೆಯಲ್ಲಿ ಸುಡುತ್ತಾರೆ. ಇಷ್ಟೆಲ್ಲ ಕೂರಬೇಕಾದರೆ ಜಾಗ ಬೇಕು. ಅಗಿಯುವ ಮೇಲ್ಭಾಗದಲ್ಲಿ ಒಂದೂವರೆಯಿಂದ 2 ಮಿಲಿಮೀಟರ್ ಹಲ್ಲು ತೇಯಬೇಕಾಗುತ್ತದೆ.

ಹಾಕಿದ ಹೊಸದರಲ್ಲಿ ಚೆನ್ನಾಗಿತ್ತು, ಪಕ್ಕದ ಹಲ್ಲಿಗೆ ಹೊಂದಿಕೊಂಡಿತ್ತು. ವರ್ಷಗಳು ಕಳೆದಂತೆ ಒಸಡು ಸ್ವಲ್ಪ ಮೇಲೆ ಸರಿಯಿತು. ಲೋಹದ ಅಂಚು ಬೂದು ಗೆರೆಯಾಗಿ ಕಾಣತೊಡಗಿತು. ಫೋಟೋದಲ್ಲಿ ಹಲ್ಲು ಕೊಳೆತ ಹಾಗೆ ಕಾಣುತ್ತದೆ, ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಆಮೇಲೆ ಒಂದು ಸಂಜೆ ಕೋಡುಬಳೆ ಕಡಿದಾಗ ಎಳ್ಳಿನಷ್ಟು ಚೂರು ಎದ್ದುಬಂತು. ಕಲ್ಲು ಸಿಕ್ಕಿತು ಅಂದುಕೊಂಡು ಉಗುಳಿದರೆ ಬೆಳ್ಳಗಿನ ಚಕ್ಕೆ. ನಾಲಿಗೆ ತಾಗಿಸಿದರೆ ಚುರುಕು ಅಂಚು. ಕನ್ನಡಿಯಲ್ಲಿ ನೋಡಿದರೆ ಒಳಗಿನ ಲೋಹ ಇಣುಕುತ್ತಿತ್ತು. ಬಾಯೊಳಗೆ ಪಿಂಗಾಣಿ ಮತ್ತೆ ಸುಡಲು ಆಗುವುದಿಲ್ಲವಲ್ಲ, ಡಾಕ್ಟರ್ ಅಂಚು ನಯ ಮಾಡಿ ಕಳುಹಿಸಿದರು. ಇದು ಯಾರ ಕೆಲಸದ ತಪ್ಪೂ ಅಂತ ನಾನು ಹೇಳುವುದಿಲ್ಲ. ಮೇಲೆ ಹಚ್ಚುವ ಆ ಪಿಂಗಾಣಿಯ ಗಟ್ಟಿತನ ಜಿರ್ಕೋನಿಯಾದ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಚೂರು ಏಳುವುದು ಅದರ ಗೊತ್ತಿರುವ ಕಾಯಿಲೆ.

ಜಿರ್ಕೋನಿಯಾ ಹಾಕಿಸಿದ್ದು ಕೊನೆಗೆ. ಇಲ್ಲಿ ಎರಡು ಜಾತಿ ಇದೆ. ಪೂರ್ತಿ ಒಂದೇ ಗಟ್ಟಿಯಲ್ಲಿ ಕಡೆದದ್ದು ಒಂದು, ಜಿರ್ಕೋನಿಯಾ ಮೇಲೆ ಪಿಂಗಾಣಿ ಹಚ್ಚಿದ್ದು ಇನ್ನೊಂದು. ಎರಡನೆಯದಕ್ಕೂ ಚೂರು ಏಳುವ ಕಾಯಿಲೆ ಬಿಟ್ಟಿಲ್ಲ. ದವಡೆ ಹಲ್ಲಿಗೆ ಒಂದೇ ಗಟ್ಟಿಯದ್ದನ್ನೇ ಕೇಳಿ ಹಾಕಿಸಿಕೊಳ್ಳಿ.

ಇದನ್ನು ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಸೀಮೆಸುಣ್ಣದ ಹಾಗೆ ಮೆತ್ತಗಿರುವ ಬಿಲ್ಲೆಯಲ್ಲಿ ಕಂಪ್ಯೂಟರ್ ಯಂತ್ರ ಹಲ್ಲನ್ನು ಕಡೆಯುತ್ತದೆ, ಬೇಕಾದ ಅಳತೆಗಿಂತ ಐದನೇ ಒಂದು ಭಾಗದಷ್ಟು ದೊಡ್ಡದಾಗಿ. ಆಮೇಲೆ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬಂದು ಕಲ್ಲಾಗುತ್ತದೆ. ಅದರ ಗಟ್ಟಿತನದ ಗುಟ್ಟು ಹರಳುಗಳಲ್ಲಿದೆ. ಎಲ್ಲಾದರೂ ಬಿರುಕು ಹೊರಟರೆ ಅದರ ತುದಿಯ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕನ್ನು ಹಿಸುಕಿ ಅಲ್ಲೇ ತಡೆಯುತ್ತವೆ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಗುಣವನ್ನು ವಿವರಿಸಿ, ಇದನ್ನು ಸೆರಾಮಿಕ್ ಉಕ್ಕು ಅನ್ನಬಹುದೇ ಅಂತ ಕೇಳಿದ್ದರು. ಹಲ್ಲು ತೇಯುವುದೂ ಸೆರಾಮಿಕ್‌ಗಿಂತ ಕಡಿಮೆ, ಮೆಟಲ್‌ಗೆ ಹತ್ತಿರ.

ಆದರೆ ಇಷ್ಟು ಗಟ್ಟಿ ವಸ್ತುವಿಗೆ ಅದರದ್ದೇ ತೊಂದರೆ ಇದೆ. ಅಂಟಿಸುವ ದಿನ ಕಚ್ಚಿದರೆ ಅದೊಂದು ಹಲ್ಲೇ ಮೊದಲು ತಾಗುತ್ತಿತ್ತು. ಡಾಕ್ಟರ್ ನೀಲಿ ಕಾಗದ ಇಟ್ಟು "ಕಚ್ಚಿ, ಆ ಕಡೆ ಈ ಕಡೆ ಉಜ್ಜಿ ಮೇಡಂ" ಅಂದರು. ಗಾಢ ಚುಕ್ಕೆ ಬಿದ್ದಲ್ಲಿ ಡೈಮಂಡ್ ಬರ್‌ನಿಂದ, ಅಂದರೆ ವಜ್ರದ ಪುಡಿ ಕೂರಿಸಿದ ತಿರುಗುವ ತುದಿಯಿಂದ, ತೇಯ್ದರು. ಅಷ್ಟಕ್ಕೇ ಬಿಡದೆ, ತೇಯ್ದ ಜಾಗವನ್ನು ರಬ್ಬರ್ ತುದಿಯಿಂದ ನಾಲಿಗೆಗೆ ನುಣುಪು ಹತ್ತುವವರೆಗೆ ಪಾಲಿಶ್ ಮಾಡಿದರು. ಈ ಪಾಲಿಶ್ ಬಹಳ ಮುಖ್ಯ. ತರಿತರಿ ಉಳಿದ ಜಿರ್ಕೋನಿಯಾ ಎದುರಿನ ಸ್ವಂತ ಹಲ್ಲನ್ನು ಸವೆಸುತ್ತದೆ, ಚೆನ್ನಾಗಿ ಪಾಲಿಶ್ ಆದದ್ದು ಅಷ್ಟು ಸವೆಸುವುದಿಲ್ಲ. ನಿಮ್ಮ ಡಾಕ್ಟರ್ ಇದನ್ನು ಮರೆತರೆ ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ಇನ್ನೊಂದು: ಮುಂದೆ ರೂಟ್ ಕೆನಾಲ್ ಮತ್ತೆ ಮಾಡಬೇಕಾಗಿ ಬಂದರೆ ಈ ಕ್ಯಾಪ್ ಕೊಯ್ದು ತೆಗೆಯುವುದು ಬಲು ಕಷ್ಟ. ಅದಕ್ಕೇ ಹಾಕಿಸುವ ಮೊದಲು ಎಕ್ಸ್‌ರೇ ತೆಗೆಸಿ ರೂಟ್ ಕೆನಾಲ್ ಸರಿಯಿದೆಯಾ ಅಂತ ನೋಡಿಸಬೇಕು.

ನನ್ನ ತಮ್ಮನ ಮುಂದಿನ ಹಲ್ಲು ಕ್ರಿಕೆಟ್ ಚೆಂಡು ಬಿದ್ದು ಮುರಿದಾಗ ಅವನಿಗೆ ಹಾಕಿದ್ದು ಇ-ಮ್ಯಾಕ್ಸ್, ಅಂದರೆ ಲಿಥಿಯಂ ಡೈಸಿಲಿಕೇಟ್ ಗಾಜಿನ ಸೆರಾಮಿಕ್. ಗಟ್ಟಿತನದಲ್ಲಿ ಜಿರ್ಕೋನಿಯಾದ ಅರ್ಧವೂ ಇಲ್ಲ. ಆದರೆ ಬೆಳಕು ಒಳಗೆ ಹಾದುಹೋಗುವ ಕಾರಣ ಬಿಸಿಲಲ್ಲಿ ಕೂಡ ಯಾವುದು ಕ್ಯಾಪ್ ಅಂತ ನನಗೆ ಗುರುತು ಸಿಗುವುದಿಲ್ಲ. ಮುಂದಿನ ಹಲ್ಲಿಗೆ ನಾನಾದರೂ ಅದನ್ನೇ ಆರಿಸುತ್ತೇನೆ.

ದುಡ್ಡಿನ ವಿಷಯ ಊರಿಂದೂರಿಗೆ, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬೇರೆ. ನಾನು ಸೆರಾಮಿಕ್‌ಗೆ ಕೊಟ್ಟದ್ದು ಮೆಟಲ್‌ನ ಎರಡರಷ್ಟು, ಜಿರ್ಕೋನಿಯಾಕ್ಕೆ ಅದಕ್ಕಿಂತಲೂ ಬಹಳ ಜಾಸ್ತಿ. ಕೈ ಬಿಗಿಯಿದ್ದವರು ಡೆಂಟಲ್ ಕಾಲೇಜಿಗೆ ಹೋಗಿ. ನಮ್ಮ ದಾವಣಗೆರೆಯಲ್ಲಿ ಬಾಪೂಜಿ ಕಾಲೇಜಿದೆ, ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ಕಾಲೇಜಿದೆ. ಇಂಥ ಕಡೆ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಓಡಾಟ ಜಾಸ್ತಿ, ಖರ್ಚು ಕಡಿಮೆ. ಜಿರ್ಕೋನಿಯಾ ಜೊತೆ ಕೊಡುವ ವಾರಂಟಿ ಕಾರ್ಡ್ ನೋಡಿ ಮಾತ್ರ ಮರುಳಾಗಬೇಡಿ. ಅದು ಕ್ಯಾಪ್ ಮುರಿದರೆ ಅಂತ ಬರೆದಿರುತ್ತದೆ. ಕ್ಯಾಪ್ ಕೆಳಗಿನ ಹಲ್ಲು ಹುಳುಕಾದರೆ ಅದಕ್ಕೆ ಯಾರ ವಾರಂಟಿಯೂ ಇಲ್ಲ.

ಹುಳುಕು ಬರುವುದೂ ಅಲ್ಲೇ, ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಅಂಚಿನಲ್ಲಿ. ವಸ್ತು ಯಾವುದೇ ಇರಲಿ, ಆ ಅಂಚು ಸರಿಯಾಗಿ ಕೂರದಿದ್ದರೆ ಎಲ್ಲ ವ್ಯರ್ಥ. ರಾತ್ರಿ ಮಲಗುವ ಮೊದಲು ಮೂರೂ ಕ್ಯಾಪ್‌ಗಳ ಸಂದಿಯಲ್ಲಿ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಆಡಿಸುತ್ತೇನೆ. ಸಂದಿ ಶುಚಿ ಮಾಡುವ ದಾರ (ಫ್ಲಾಸ್) ಒಂದೇ ಕಡೆ ಹರಿಯುತ್ತಿದ್ದರೆ, ಊಟ ಅದೇ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ತಡ ಮಾಡದೆ ತೋರಿಸಬೇಕು.

ಚೂರು ಎದ್ದ ಸೆರಾಮಿಕ್ ಕ್ಯಾಪನ್ನು ಈಗ ಬದಲಿಸುವ ಸಮಯ ಬಂದಿದೆ. ಅದನ್ನು ಸೀಳಿ ತೆಗೆದ ಮೇಲೆ ಒಳಗೆ ಎಷ್ಟು ಹಲ್ಲು ಉಳಿದಿದೆ ಅಂತ ನೋಡಬೇಕು. ಸಾಕಷ್ಟಿದ್ದರೆ ಅಲ್ಲಿ ಒಂದೇ ಗಟ್ಟಿಯ ಜಿರ್ಕೋನಿಯಾ ಕೂರುತ್ತದೆ. ಸಾಲದಿದ್ದರೆ ಮೊದಲು ಒಸಡನ್ನು ಸ್ವಲ್ಪ ಕತ್ತರಿಸಿ ಹಲ್ಲಿನ ಎತ್ತರ ಹೆಚ್ಚಿಸಿಕೊಂಡು, ಅದು ಮಾಗಿದ ಮೇಲೆ ಅಳತೆ ತೆಗೆಯೋಣ ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಒಪ್ಪಿದ್ದೇನೆ.