ಆಯ್ಕೆಯೇ ಬಂಡವಾಳ: ಆರ್ಟ್ಸ್ ಅಂಡ್ ಲೆಟರ್ಸ್ ಡೈಲಿ

ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಡೆನಿಸ್ ಡಟನ್ 1998ರಲ್ಲಿ ಆರಂಭಿಸಿದ ಆರ್ಟ್ಸ್ ಅಂಡ್ ಲೆಟರ್ಸ್ ಡೈಲಿ ಎಂಬ ಜಾಲತಾಣ ಹೆಸರಾಗಿರುವುದು ತನ್ನ ಸ್ವಂತ ಲೇಖನಗಳಿಂದಲ್ಲ. ಸಂಸ್ಕೃತಿ, ಇತಿಹಾಸ, ಧರ್ಮ, ರಾಜಕೀಯ ಚಿಂತನೆಗಳ ಬಗ್ಗೆ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ಓದಲೇಬೇಕೆನಿಸಿದ ಕೆಲವನ್ನು ಆರಿಸಿ, ಪ್ರತಿಯೊಂದಕ್ಕೂ ಎರಡು ಮೂರು ಸಾಲಿನ ಪೀಠಿಕೆ ಬರೆದು, ಮೂಲದ ಕೊಂಡಿ ಒದಗಿಸುವುದಷ್ಟೇ ಅದರ ಕೆಲಸ. ಲೇಖನಗಳು, ಹೊಸ ಪುಸ್ತಕಗಳು, ಪ್ರಬಂಧ ಮತ್ತು ಅಭಿಪ್ರಾಯ ಎಂದು ಮೂರು ಅಂಕಣಗಳಿವೆ.

ಆ ಪೀಠಿಕೆಗಳೇ ತಾಣದ ಜೀವಾಳ. ಲೇಖನದ ಸಾರಾಂಶವನ್ನು ಒಪ್ಪಿಸದೆ, ಅದರ ವಾದದ ಮೊನೆಯನ್ನಷ್ಟೇ ತೋರಿಸಿ, ತೀರ್ಪನ್ನು ಓದುಗನಿಗೇ ಬಿಡುವ ಈ ಬಗೆಯ ಬರವಣಿಗೆ ಕಾಣುವಷ್ಟು ಸುಲಭದ್ದಲ್ಲ. ಯುರೋಪಿನ ಮತಸುಧಾರಣೆಯ ಕಾಲದ ಜಗಳವಾಗಲಿ, ವಾಕ್ ಸ್ವಾತಂತ್ರ್ಯದ ಇಂದಿನ ತಕರಾರಾಗಲಿ, ವಿಷಯದ ಗಂಧವಿಲ್ಲದವರನ್ನೂ ಅದು ಮೂಲದವರೆಗೆ ಕರೆದೊಯ್ಯಬಲ್ಲದು. (ಪೀಠಿಕೆಯಲ್ಲಿದ್ದ ಚುರುಕು ಮೂಲದಲ್ಲಿ ಸಿಗದೆ ನಿರಾಸೆಯಾಗುವ ಸಂದರ್ಭಗಳೂ ಇಲ್ಲದಿಲ್ಲ.) ಚಿತ್ರಗಳ ಹಂಗಿಲ್ಲದ, 18ನೆಯ ಶತಮಾನದ ಸುದ್ದಿಹಾಳೆಗಳನ್ನು ನೆನಪಿಸುವ ಒತ್ತೊತ್ತಾದ ಪುಟವಿನ್ಯಾಸ ಹೊಸಬರಿಗೆ ತುಸು ಒರಟೆನಿಸಬಹುದು.

2002ರಲ್ಲಿ ಒಡೆತನದ ಸಂಸ್ಥೆ ದಿವಾಳಿಯಾಗಿ ತಾಣ ನಿಂತಾಗ, ಉನ್ನತ ಶಿಕ್ಷಣಕ್ಕೆ ಮೀಸಲಾದ ಅಮೆರಿಕದ ದಿ ಕ್ರಾನಿಕಲ್ ಆಫ್ ಹೈಯರ್ ಎಜುಕೇಶನ್ ಪತ್ರಿಕೆ ಅದನ್ನು ಕೊಂಡು ಮುಂದುವರಿಸಿತು. 2010ರಲ್ಲಿ ಡಟನ್ ತೀರಿಕೊಂಡ ಮೇಲೂ ಅವರು ಹಾಕಿದ ಚೌಕಟ್ಟು ಹೆಚ್ಚು ಬದಲಾಗಿಲ್ಲ.

ಚೌಕಟ್ಟಿನ ಮಿತಿಯೂ ಹಾಗೆಯೇ ಉಳಿದಿದೆ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಮಾತ್ರ ಇಲ್ಲಿ ಪ್ರವೇಶ. ಅದರಲ್ಲೂ ಅಮೆರಿಕ ಮತ್ತು ಬ್ರಿಟನ್ನಿನ ಪತ್ರಿಕೆಗಳದೇ ಮೇಲುಗೈ. ಏಷ್ಯಾ, ಆಫ್ರಿಕಾಗಳ ಇತಿಹಾಸ ಬಂದರೂ ಬಹುಮಟ್ಟಿಗೆ ಅಮೆರಿಕ, ಬ್ರಿಟನ್ನಿನ ವಿದ್ವಾಂಸರ ಪುಸ್ತಕವೊಂದರ ವಿಮರ್ಶೆಯಾಗಿಯೇ ಬರುತ್ತದೆ. ಧರ್ಮವನ್ನು ಇತಿಹಾಸಕಾರ ಮತ್ತು ಸಂದೇಹವಾದಿ ಹೇಗೆ ನೋಡುತ್ತಾರೆಂಬುದು ಧಾರಾಳವಾಗಿ ಸಿಗುತ್ತದೆ, ಅದನ್ನು ಬಾಳುವವರ ದನಿ ಕೇಳುವುದು ಅಪರೂಪ. ಕೊಂಡಿ ಒತ್ತಿದಾಗ ಮೂಲ ಪತ್ರಿಕೆ ಚಂದಾ ಕೇಳಿ ಬಾಗಿಲು ಹಾಕುವುದೂ ಉಂಟು, ಅದಕ್ಕೆ ತಾಣವನ್ನು ದೂರುವಂತಿಲ್ಲ.

ಮೂರರಲ್ಲಿ ನಾನು ಹೆಚ್ಚು ನೆಚ್ಚುವುದು ಹೊಸ ಪುಸ್ತಕಗಳ ಅಂಕಣವನ್ನು. ಅಭಿಪ್ರಾಯದ ಬರಹಗಳು ಆಯಾ ಕಾಲದ ವಿವಾದದೊಂದಿಗೇ ಹಳತಾಗುತ್ತವೆ. ಒಳ್ಳೆಯ ವಿಮರ್ಶೆಯಾದರೋ ಪುಸ್ತಕದ ವಾದವನ್ನೂ ಅದಕ್ಕಿರುವ ಎದುರುವಾದವನ್ನೂ ಒಟ್ಟಿಗೆ ಕೊಡುವುದರಿಂದ, ಆ ಪುಸ್ತಕ ಕೈಗೆ ಸಿಗದವರಿಗೂ ಉಪಯೋಗಕ್ಕೆ ಬರುತ್ತದೆ.