ಒಂದು ಮೊಳೆ, ಆರು ತೂತು, ಒಂಬೈನೂರು ರೂಪಾಯಿ

ಹಿಂದಿನ ಟಯರ್‌ಗೆ ಹೊಕ್ಕಿದ್ದು ಒಂದೇ ಮೊಳೆ. ದುಡ್ಡು ಕೊಟ್ಟದ್ದು ಆರು ತೂತಿಗೆ, ಒಂದಕ್ಕೆ 150ರ ಹಾಗೆ 900 ರೂಪಾಯಿ. ಉಳಿದ ಐದು ತೂತು ಪಂಚರ್ ಅಂಗಡಿಯವನೇ ದಬ್ಬಳದಿಂದ ಚುಚ್ಚಿದ್ದು. ಸವಾರ ಘಟ್ಟದ ಮೇಲಿನವನು, ಒಬ್ಬನೇ, ಗಾಡಿಯ ಹಿಂದೆ ಎರಡು ಬ್ಯಾಗು. ಜಡಿಮಳೆ, ಕತ್ತಲಾಗುವ ಹೊತ್ತು. ಜಾಗ ಹೆದ್ದಾರಿ 66ರಲ್ಲಿ ಮಂಗಳೂರಿಗೂ ಉಡುಪಿಗೂ ನಡುವೆ ಎಲ್ಲೋ. ಅಂಗಡಿಯ ಗುರುತು ಇಲ್ಲಿ ಬರೆಯುವುದಿಲ್ಲ. ಇವತ್ತು ಇಲ್ಲಿ ನಡೆದದ್ದು ನಾಳೆ ಇನ್ನೊಂದು ಜಂಕ್ಷನ್‌ನಲ್ಲಿ ನಡೆದೀತು, ಹಾಗಾಗಿ ಅಂಗಡಿಗಿಂತ ಆಟವನ್ನು ತಿಳಿದುಕೊಂಡಿರುವುದು ಒಳ್ಳೆಯದು.

ದುಡ್ಡು ಹೋದದ್ದು ದೊಡ್ಡ ವಿಷಯವಲ್ಲ. ಟ್ಯೂಬ್ ಇಲ್ಲದ (ಟ್ಯೂಬ್‌ಲೆಸ್) ಟಯರಿನ ತೂತು ಮುಚ್ಚಲು ಸ್ಟ್ರಿಪ್, ಅಂದರೆ ಅಂಟಿನ ರಬ್ಬರ್ ಹುರಿ, ತುರುಕುವ ಮೊದಲು ಪ್ರತಿ ತೂತಿಗೂ ರೀಮರ್, ಅಂದರೆ ಅರದಂತಹ ಮುಳ್ಳು ಸರಳು, ಹಾಕಿ ಉಜ್ಜುತ್ತಾರೆ. ದಬ್ಬಳದ ಗಾತ್ರದ ತೂತು ಆಗ ಐದಾರು ಮಿ.ಮೀ. ಆಗುತ್ತದೆ, ಒಳಗಿನ ನೂಲಿನ ಪದರವೂ ಹರಿಯುತ್ತದೆ. ಅಂಗೈ ಅಗಲದಲ್ಲಿ ಹೀಗೆ ಆರು ತೂತು ಬಿದ್ದ ಟಯರ್ ಮರುದಿನ ಆಗುಂಬೆಯ ಹದಿನಾಲ್ಕು ತಿರುವು ಹತ್ತಬೇಕು, ಲಗೇಜು ಹೊತ್ತುಕೊಂಡು. ಆ ಟಯರನ್ನು ಅವತ್ತೇ ತೆಗೆದು ಬಿಸಾಡಬೇಕು. ಅಂಗಡಿಯವನು ಇದನ್ನು ಹೇಳುವುದಿಲ್ಲ.

ನಡೆಯುವ ಕ್ರಮ ಹೀಗೆ. ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದವನೊಬ್ಬ ನಿಮ್ಮ ಹಿಂದಿನ ಚಕ್ರಕ್ಕೆ ಬೆರಳು ತೋರಿಸುತ್ತಾನೆ: ‘ಗಾಳಿ ಇಲ್ಲ ಮಾರಾಯ್ರೆ, ಮುಂದೆ ಎಡಕ್ಕೆ ಅಂಗಡಿ ಉಂಟು.’ ಕರಾವಳಿಯಲ್ಲಿ ಹೀಗೆ ಹೇಳುವವರು ಹೆಚ್ಚಿನವರು ನಿಜಕ್ಕೂ ಉಪಕಾರಕ್ಕೇ ಹೇಳುವವರು, ಸೈಡ್ ಸ್ಟ್ಯಾಂಡ್ ಎತ್ತದೆ ಹೋದರೂ ಕಿರುಚಿ ಹೇಳುವ ಊರು ಇದು. ಹಾಗಾಗಿ ಹೇಳಿದವನನ್ನು ಸಂಶಯಿಸುವುದು ಬೇಡ, ಥ್ಯಾಂಕ್ಸ್ ಹೇಳಿ. ಆದರೆ ಅವನು ತೋರಿಸಿದ ಅಂಗಡಿಗೇ ನೇರ ಹೋಗಬೇಡಿ. ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ರಿಕ್ಷಾ ಸ್ಟ್ಯಾಂಡ್ ನೋಡಿ ನಿಲ್ಲಿಸಿ, ಮೊದಲು ನೀವೇ ಚಕ್ರ ನೋಡಿ.

ಅಂಗಡಿಯಲ್ಲಿ ಇಬ್ಬರಿರುತ್ತಾರೆ. ಒಬ್ಬ ಚಕ್ರದ ಹತ್ತಿರ ಕೂರುತ್ತಾನೆ, ಇನ್ನೊಬ್ಬ ನಿಮ್ಮ ಹತ್ತಿರ ಬರುತ್ತಾನೆ. ಎಲ್ಲಿಂದ, ಗಾಡಿ ಎಷ್ಟು ಕೊಡುತ್ತದೆ, ಒಬ್ಬರೇ ಬಂದದ್ದಾ, ಮಳೆಯಲ್ಲಿ ಯಾಕೆ ನಿಂತಿದ್ದೀರಿ ಒಳಗೆ ಬನ್ನಿ. ನೀವು ಒಳಗೆ ಕಾಲಿಟ್ಟ ಅರ್ಧ ನಿಮಿಷದಲ್ಲಿ ಕೆಲಸ ಮುಗಿದಿರುತ್ತದೆ. ಒದ್ದೆ ಬಟ್ಟೆಯ ಮಡಿಕೆಯಲ್ಲಿ ಅಥವಾ ಬೆರಳ ಸಂದಿಯಲ್ಲಿ ಮೊನಚು ದಬ್ಬಳ ಇರುತ್ತದೆ, ಸೋಪಿನ ನೀರು ಸವರುವ ನೆಪದಲ್ಲಿ ಟಯರಿನ ಗೆರೆಯೊಳಗೆ ಒತ್ತುತ್ತಾನೆ. ಗೆರೆಯಲ್ಲೇ ಯಾಕೆಂದರೆ ಅಲ್ಲಿ ರಬ್ಬರ್ ತೆಳು, ಕೈಗೆ ಹೆಚ್ಚು ಬಲ ಬೇಡ. ಆಮೇಲೆ ನಿಮ್ಮನ್ನು ಕರೆದು ನೊರೆ ಗುಳ್ಳೆ ತೋರಿಸುತ್ತಾನೆ. ಗುಳ್ಳೆ ಸುಳ್ಳಲ್ಲ, ಅಲ್ಲಿಂದ ಗಾಳಿ ನಿಜಕ್ಕೂ ಬರುತ್ತಿದೆ. ಆದ್ದರಿಂದಲೇ ಜನ ವಾದ ಮಾಡದೆ ದುಡ್ಡು ಕೊಡುತ್ತಾರೆ.

ನಿಜವಾದ ಪಂಚರ್ ತೂತನ್ನು ಗುರುತಿಸುವುದು ಕಷ್ಟವಲ್ಲ. ಮೊಳೆ, ತಂತಿ, ಸ್ಕ್ರೂ, ಗಾಜಿನ ಚೂರು, ಏನಾದರೊಂದು ಅಲ್ಲಿ ಸಿಕ್ಕಿಕೊಂಡಿರುತ್ತದೆ. ವಸ್ತು ಬಿದ್ದು ಹೋಗಿದ್ದರೂ ತೂತಿನ ಅಂಚು ಮಣ್ಣು ತುಂಬಿ ಕಪ್ಪಾಗಿರುತ್ತದೆ, ಸ್ವಲ್ಪ ಹರಿದ ಹಾಗಿರುತ್ತದೆ. ದಬ್ಬಳದ ತೂತಿಗೆ ಅಂಚೇ ಇಲ್ಲ, ಒಳಗೆ ಹೊಸ ರಬ್ಬರಿನ ಹೊಳಪು, ಎಲ್ಲವೂ ಒಂದೇ ಗಾತ್ರ, ಎಲ್ಲವೂ ಗೆರೆಯಲ್ಲಿ, ಹತ್ತಿರ ಹತ್ತಿರ. ಕೂತವನ ಕೈಗೆ ಎಟುಕುವ ಜಾಗವದು. ಇನ್ನೊಂದು ಲೆಕ್ಕವೂ ಇದೆ. ಮೊಳೆ ಚುಚ್ಚಿಕೊಂಡೇ ಇದ್ದರೆ ಗಾಳಿ ಮೆಲ್ಲಗೆ ಹೋಗುತ್ತದೆ, ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಐದಾರು ಪಿಎಸ್‌ಐ ಇಳಿದಿರಬಹುದು. ಮೊಳೆಯಿಲ್ಲದ ತೆರೆದ ತೂತು ಐದಿದ್ದರೆ ಗಾಡಿ ಅಂಗಡಿವರೆಗೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಆದ್ದರಿಂದ ಗಾಡಿ ಕೊಡುವ ಮೊದಲೇ ತೂತು ಎಣಿಸಿ. ಎರಡು ರೂಪಾಯಿಯ ಶಾಂಪೂ ಸ್ಯಾಚೆಟ್ ಅರ್ಧ ಬಾಟಲಿ ನೀರಿಗೆ ಹಾಕಿ ಕುಲುಕಿದರೆ ಸಾಕು. ಗಾಳಿ ಪೂರ್ತಿ ತುಂಬಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ಮೆಲ್ಲಗೆ ತಿರುಗಿಸುತ್ತಾ ಸುತ್ತಲೂ ಸುರಿಯಿರಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯಾದರೆ ಕಾಲು ಸುತ್ತಿನಷ್ಟು ಮುಂದೆ ತಳ್ಳಿ, ಸುರಿದು, ಮತ್ತೆ ತಳ್ಳಿ. ಗುಳ್ಳೆ ಕಂಡಲ್ಲಿ ಚಾಕ್ ಅಥವಾ ಬಿಳಿ ಪೆನ್ಸಿಲಿನಿಂದ ಸುತ್ತು ಹಾಕಿ ಒಂದು ಫೋಟೋ ತೆಗೆಯಿರಿ. ಅಂಗಡಿಯವನಿಗೆ ಫೋಟೋ ತೋರಿಸಿ ‘ಒಂದೇ ಉಂಟು, ಇಲ್ಲಿ’ ಎಂದರೆ ಮಾತು ಅಲ್ಲಿಗೆ ಮುಗಿಯಿತು.

ಹೀಗೆ ನೋಡುವಾಗ ಟಯರಿನಲ್ಲಿ ಗುಳ್ಳೆಯೇ ಬಾರದಿರಬಹುದು. ಈ ಊರಿನಲ್ಲಿ ಅದು ಬಹಳ ಸಾಮಾನ್ಯ. ಮೊದಲು ವಾಲ್ವ್ ಬಾಯಿಗೆ ಒಂದು ಹನಿ ಹಾಕಿ. ಅಲ್ಲಿ ಗುಳ್ಳೆ ಎದ್ದರೆ ಒಳಗಿನ ಪಿನ್ ಕೆಟ್ಟಿದೆ, ಸಣ್ಣ ವಾಲ್ವ್ ಕೀಲಿಯಿಂದ ಬಿಗಿ ಮಾಡಿ, ನಿಲ್ಲದಿದ್ದರೆ ಬದಲಿಸಿ. ಹತ್ತಿಪ್ಪತ್ತು ರೂಪಾಯಿಯ ಮಾಲು. ಆಮೇಲೆ ವಾಲ್ವಿನ ಬುಡ. ರಬ್ಬರ್ ಕಾಂಡವನ್ನು ಪಕ್ಕಕ್ಕೆ ಬಗ್ಗಿಸಿದಾಗ ಬಿರುಕು ಬಾಯ್ತೆರೆದರೆ ಕಾಂಡವೇ ಹೋಗಿದೆ. ಕೊನೆಗೆ ರಿಮ್ಮಿನ ಅಂಚು. ಉಪ್ಪು ಗಾಳಿಗೆ ಅಲಾಯ್ ಚಕ್ರದಲ್ಲಿ ಟಯರ್ ಕೂರುವ ಜಾಗದ ಬಣ್ಣ ಎದ್ದು ಬಿಳಿ ಪುಡಿ ಕಟ್ಟುತ್ತದೆ, ಅಲ್ಲಿಂದ ಗಾಳಿ ಜಿನುಗುತ್ತದೆ. ಮಲ್ಪೆ, ಪಣಂಬೂರು, ಮರವಂತೆಯಲ್ಲಿ ಫೋಟೋಕ್ಕೆಂದು ಮರಳಿಗೆ ಗಾಡಿ ಇಳಿಸಿ, ತೊಳೆಯದೆ ಹಾಗೇ ಬಿಟ್ಟವರಿಗೆ ಇದು ಬೇಗ ಬರುತ್ತದೆ. ಇದಕ್ಕೆ ಸ್ಟ್ರಿಪ್ ಹಾಕಿ ಪ್ರಯೋಜನವಿಲ್ಲ. ಟಯರ್ ಇಳಿಸಿ, ರಿಮ್ ಉಜ್ಜಿ, ಟಯರಿನ ಅಂಚಿಗೆ ಬೀಡ್ ಸೀಲರ್ ಎಂಬ ಅಂಟು ಸವರಿ ಕೂರಿಸಬೇಕು.

ತೂತು ಒಂದೇ ಆಗಿದ್ದರೆ ನೀವೇ ಮಾಡಿಕೊಳ್ಳುವುದೇ ಲೇಸು. ಸ್ಟ್ರಿಪ್ ಕಿಟ್ 500 ರೂಪಾಯಿ ಒಳಗೆ ಸಿಗುತ್ತದೆ. ಅದರ ಜೊತೆ ಒಂದು ಇಕ್ಕಳ, ಒಂದು ಬ್ಲೇಡು, ಪ್ರೆಷರ್ ಗೇಜು, ಬ್ಯಾಟರಿಗೆ ಸಿಕ್ಕಿಸುವ ಅಥವಾ ಚಾರ್ಜ್ ಮಾಡುವ ಸಣ್ಣ ಪಂಪು. ಮೊಳೆ ಎಳೆಯುವ ಮೊದಲು ಅದು ಯಾವ ಓರೆಯಲ್ಲಿ ಹೋಗಿದೆ ನೋಡಿ, ರೀಮರ್ ಕೂಡ ಅದೇ ಓರೆಯಲ್ಲಿ ಹೋಗಬೇಕು. ನೇರ ಒತ್ತಿದರೆ ಇನ್ನೊಂದು ದಾರಿ ಕೊರೆದು ಎರಡೂ ಸೋರುತ್ತವೆ. ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಮಧ್ಯಕ್ಕೆ ಸರಿಯಾಗಿ ಪೋಣಿಸಿ, ಅಂಟು ಹಚ್ಚಿ, ಎರಡೂ ತುದಿ ಒಂದೊಂದು ಸೆಂ.ಮೀ. ಹೊರಗೆ ಉಳಿಯುವಷ್ಟು ಒತ್ತಿ, ತಿರುಚದೆ ಒಂದೇ ಎಳೆತಕ್ಕೆ ಸೂಜಿ ಕಿತ್ತುಕೊಳ್ಳಿ. ಟಯರಿನ ಮೈಯಿಂದ ಎರಡು ಮೂರು ಮಿ.ಮೀ. ಬಿಟ್ಟು ಕತ್ತರಿಸಿ. ಗಾಳಿ ತುಂಬಿಸಿ ಶಾಂಪೂ ನೀರು ಹಾಕಿ ನೋಡಿ. ಮಳೆಯಲ್ಲಿ ತೂತಿನೊಳಗೆ ನೀರು ಇಳಿದಿದ್ದರೆ ಅಂಟು ಹಿಡಿಯುವುದಿಲ್ಲ, ಬಟ್ಟೆಯ ಮೊನೆಯಿಂದ ಒರೆಸಿ. ಟಯರಿನ ಪಕ್ಕದ ಗೋಡೆಯಲ್ಲಿ ತೂತಾದರೆ ಇದನ್ನು ಮಾಡಲೇಬೇಡಿ. ನಡುಪಟ್ಟಿಯಲ್ಲಿ ಆದರೂ ಸ್ಟ್ರಿಪ್ ಊರು ಮುಟ್ಟುವವರೆಗಿನ ಏರ್ಪಾಡು ಅಷ್ಟೆ. ಮಂಗಳೂರಿಗೋ ಉಡುಪಿಗೋ ತಲುಪಿದ ಮೇಲೆ ಟಯರ್ ಇಳಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ರಬ್ಬರ್ ತೇಪೆ) ಹಾಕಿಸಿ.

ಸ್ಪೋಕ್ ಚಕ್ರದವರ ಕಷ್ಟ ಬೇರೆ. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350ರ ಸ್ಪೋಕ್ ಮಾದರಿ, ಹಿಮಾಲಯನ್ 411 ಇವಕ್ಕೆ ಟ್ಯೂಬ್ ಇದೆ, ಚಕ್ರ ಬಿಚ್ಚಲೇಬೇಕು. ಇಲ್ಲಿನ ಆಟ ಟ್ಯೂಬ್ ಮಾರುವುದು. ಟ್ಯೂಬನ್ನು ಒಳಗೆ ಒಯ್ದು, ಟಯರ್ ಲಿವರಿನಲ್ಲಿ ವಾಲ್ವ್ ಬುಡಕ್ಕೆ ಒಂದು ಗೀರು ಕೊಟ್ಟು ತಂದು ತೋರಿಸುತ್ತಾರೆ. ವಾಲ್ವ್ ಬುಡ ಹರಿದರೆ ಪ್ಯಾಚ್ ನಿಲ್ಲುವುದಿಲ್ಲ ಎನ್ನುವುದು ನಿಜ, ಅದಕ್ಕೇ ಆ ಜಾಗ ಆರಿಸುವುದು. ಆದರೆ ಹಾಗೆ ತಾನಾಗಿ ಹರಿಯಲು ಒಂದೇ ದೊಡ್ಡ ಕಾರಣ: ಗಾಳಿ ಪೂರ್ತಿ ಹೋದ ಮೇಲೂ ಓಡಿಸಿದ್ದು. ಆಗ ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದುಕೊಂಡು ಹೋಗುತ್ತದೆ, ವಾಲ್ವ್ ಓರೆಯಾಗುತ್ತದೆ. ಚಕ್ರ ಬಿಚ್ಚುವ ಮೊದಲು ವಾಲ್ವ್ ನೆಟ್ಟಗೆ ನಿಂತಿದ್ದರೆ, ಬುಡ ಹರಿದಿದೆ ಎಂಬ ಮಾತನ್ನು ಸುಲಭಕ್ಕೆ ನಂಬಬೇಡಿ. ಹೊಸ ಟ್ಯೂಬ್ ಹಾಕಲೇಬೇಕಾಗಿ ಬಂದರೆ ಅದರ ಮೈಮೇಲೆ ಅಚ್ಚಾದ ಅಳತೆಯನ್ನು ಟಯರಿನ ಅಳತೆಗೆ ಹೋಲಿಸಿ. ದೊಡ್ಡದಾದರೆ ಮಡಿಕೆ ಬಿದ್ದು ಅಲ್ಲೇ ಒಡೆಯುತ್ತದೆ, ಸಣ್ಣದಾದರೆ ಹಿಗ್ಗಿ ತೆಳುವಾಗುತ್ತದೆ. ಒಬ್ಬರೇ ಹೋಗುವವರು ಮುಂದಿನ ಚಕ್ರದ ಟ್ಯೂಬ್ ಒಂದನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ತುರ್ತಿಗೆ ಹಿಮಾಲಯನ್‌ನ ಮುಂದಿನ 21 ಇಂಚಿನದನ್ನು ಹಿಂದಿನ ಚಕ್ರಕ್ಕೂ ಹೇಗೋ ಕೂರಿಸಿ ಊರು ಮುಟ್ಟಬಹುದು, ಹಿಂದಿನದನ್ನು ಮುಂದಕ್ಕೆ ಹಾಕಲಾಗದು. ಹೊಸ ಟ್ಯೂಬ್ ಹಾಕುವ ಮುಂಚೆ ಟಯರಿನ ಒಳಮೈಯನ್ನು ಬಟ್ಟೆಯಿಂದ ಪೂರ್ತಿ ಸವರಲಿ. ಒಳಗೇ ಉಳಿದ ತಂತಿ ಚೂರು ಹತ್ತು ಕಿ.ಮೀ. ಒಳಗೆ ಮತ್ತೆ ಚುಚ್ಚುತ್ತದೆ.

ಚಕ್ರ ವಾಪಸ್ ಹಾಕುವಾಗ ಆಗುವ ತಪ್ಪುಗಳು ಮೋಸಕ್ಕಿಂತ ಅಪಾಯಕಾರಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಟಾರ್ಕ್ ಆರ್ಮ್ (ಬ್ರೇಕ್ ಪ್ಲೇಟು ತಿರುಗದಂತೆ ಹಿಡಿಯುವ ಸರಳು) ನಟ್ ಬಿಗಿಯಾಗಿದೆಯೇ, ಪಿನ್ ಹಾಕಿದ್ದಾರೆಯೇ ಕೈಯಿಟ್ಟು ನೋಡಿ. ಅದು ಬಿಚ್ಚಿಕೊಂಡರೆ ಬ್ರೇಕ್ ಒತ್ತಿದಾಗ ಇಡೀ ಪ್ಲೇಟು ತಿರುಗಿ ಚಕ್ರ ಸಿಕ್ಕಿಕೊಳ್ಳುತ್ತದೆ. ಡಿಸ್ಕ್ ಇದ್ದರೆ ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಪ್ಯಾಡುಗಳು ಹಿಂದೆ ಸರಿದಿರುತ್ತವೆ, ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಎಬಿಎಸ್ ವೈರು ಎಲ್ಲಿಯೂ ಚಕ್ರಕ್ಕೆ ತಾಗದ ಹಾಗೆ ಕ್ಲಿಪ್ಪಿನಲ್ಲಿರಬೇಕು. ಚೈನ್ ಅಡ್ಜಸ್ಟರಿನ ಗೆರೆ ಎರಡೂ ಬದಿ ಸಮ ಇರಬೇಕು, ಸಡಿಲ ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು. ಹಾಗೆ ಸುಮ್ಮನೆ ಬಿಗಿ ಮಾಡಿಬಿಡುವ ಅಭ್ಯಾಸ ಹಲವರಿಗಿದೆ, ಘಟ್ಟದ ಗುಂಡಿಗಳಲ್ಲಿ ಅದು ಬೇರಿಂಗನ್ನೂ ಸ್ಪ್ರಾಕೆಟ್ಟನ್ನೂ ತಿನ್ನುತ್ತದೆ.

‘ಬೇರಿಂಗ್ ಹೋಗಿದೆ’, ‘ಆಯಿಲ್ ಲೀಕ್ ಉಂಟು’ ಎಂಬ ಮಾತು ಇದೇ ಕುಟುಂಬದ್ದು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಆಟ ಇಲ್ಲದಿದ್ದರೆ, ತಿರುಗಿಸಿದಾಗ ಗರಗರ ಸದ್ದಿಲ್ಲದಿದ್ದರೆ, ಬೇರಿಂಗ್ ಸರಿ ಇದೆ. ಮಳೆಯಲ್ಲಿ ಚೈನ್ ಲ್ಯೂಬ್ ಎರಚಿ ರಿಮ್ಮಿನ ಮೇಲೆ ಕಪ್ಪು ಕಲೆಯಾಗುವುದು ಮಾಮೂಲು. ಒರೆಸಿ, ಎಂಜಿನ್ ಐದು ನಿಮಿಷ ಓಡಿಸಿ, ಮತ್ತೆ ಎಣ್ಣೆ ಬರದಿದ್ದರೆ ಮುಂದೆ ಹೋಗಿ.

ಪಂಚರ್ ಹೆಚ್ಚಾಗುವುದೂ ಮಳೆಗಾಲದಲ್ಲೇ. ಬೈಕಂಪಾಡಿ, ಪಣಂಬೂರಿನ ಲಾರಿಗಳು ಉದುರಿಸಿದ ಕಬ್ಬಿಣದ ಚೂರು, ತಂತಿ ಎಲ್ಲವನ್ನೂ ನೀರು ರಸ್ತೆಯ ಅಂಚಿಗೆ ತಂದು ಹಾಕುತ್ತದೆ. ಒದ್ದೆ ರಬ್ಬರಿನೊಳಗೆ ಮೊನೆ ಸುಲಭವಾಗಿ ಜಾರಿ ಹೋಗುತ್ತದೆ. ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನಿಗೆ ಹೆದರಿ ಬಿಳಿ ಗೆರೆಯ ಆಚೆ ಓಡಿಸುವವರೇ ಹೆಚ್ಚು ಮೊಳೆ ಹೆಕ್ಕುವುದು. ಬಸ್ಸಿಗೆ ದಾರಿ ಬಿಡಿ, ಬಿಟ್ಟ ಕೂಡಲೇ ಲೇನಿನೊಳಗೆ ಬನ್ನಿ.

ಒಳ್ಳೆಯ ಅಂಗಡಿ ಬೇಕೆಂದರೆ ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿ. ದಿನವೂ ಅದೇ ರಸ್ತೆಯಲ್ಲಿ ದುಡಿಯುವವರು ತಮ್ಮ ಟಯರನ್ನು ಎಲ್ಲಿ ಕೊಡುತ್ತಾರೋ ಅಲ್ಲಿ ಮೋಸ ನಡೆಯುವುದಿಲ್ಲ. ‘ಮೂಲು ಪಂಚರ್ ಅಂಗಡಿ ಓಲುಂಡು?’ ಎಂದು ತುಳುವಿನಲ್ಲಿ ಕೇಳಿದರೆ ಒಬ್ಬರಾದರೂ ಎದ್ದು ದಾರಿ ತೋರಿಸುತ್ತಾರೆ. ಬ್ರಹ್ಮಾವರ ದಾಟಿ ಕುಂದಾಪುರದ ಕಡೆ ಹೋದರೆ ಕನ್ನಡವೇ ಸಾಕು. ಕೆಲಸ ಶುರುವಾಗುವ ಮೊದಲೇ ದರ ಕೇಳಿ. ಟ್ಯೂಬ್‌ಲೆಸ್ ತೂತಿಗೆ ನೂರರಿಂದ ನೂರೈವತ್ತು ನ್ಯಾಯ, ಚಕ್ರ ಬಿಚ್ಚುವ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಕೇಳಿದರೆ ಬೇಜಾರು ಬೇಡ, ಮಳೆಯಲ್ಲಿ ಅದು ಸುಲಭದ ಕೆಲಸವಲ್ಲ.

ಘಟ್ಟ ಹತ್ತುವವರು ಕೆಳಗೇ ಗಾಳಿ ನೋಡಿಸಿಕೊಳ್ಳಿ. ಆಗುಂಬೆಗೆ ಹೋಗುವುದಾದರೆ ಹೆಬ್ರಿಯಲ್ಲಿ, ಚಾರ್ಮಾಡಿಗೆ ಉಜಿರೆಯಲ್ಲಿ, ಶಿರಾಡಿಗೆ ಉಪ್ಪಿನಂಗಡಿ ಅಥವಾ ನೆಲ್ಯಾಡಿಯಲ್ಲಿ. ಅಲ್ಲಿಂದ ಮೇಲೆ ಕಾಡು, ಕೆಲವು ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಯುಪಿಐ ನಂಬಿಕೊಂಡು ಹೋಗದೆ ಸಾವಿರ ರೂಪಾಯಿ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಅಂಗಡಿಯವನು ಆರು ತೂತು ತೋರಿಸುವ ಹೊತ್ತಿಗೆ ನೀವು ಈ ಆಟಕ್ಕೆ ಸಿಕ್ಕಿಬಿದ್ದಿದ್ದರೆ ಜಗಳಕ್ಕೆ ಇಳಿಯಬೇಡಿ, ನೀವು ಒಬ್ಬರೇ. ಗಾಡಿಯ ಕೀ ಜೇಬಿನಲ್ಲೇ ಇರಲಿ, ಆರ್‌ಸಿ, ಲೈಸೆನ್ಸ್ ಯಾರ ಕೈಗೂ ಕೊಡಬೇಡಿ. ಮೊಬೈಲ್ ತೆಗೆದು ವಿಡಿಯೋ ಮಾಡುತ್ತಾ ಒಂದೊಂದು ತೂತಿನ ಮೊಳೆ ಎಲ್ಲಿ ಎಂದು ಕೇಳಿ. ಅಷ್ಟಕ್ಕೇ ಆರು ಎರಡಾಗುವುದುಂಟು. ಬೆದರಿಸಿದರೆ 112ಕ್ಕೆ ಕರೆ ಮಾಡಿ, ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತಿದ್ದರೆ 1033. ದುಡ್ಡನ್ನು ಯುಪಿಐಯಲ್ಲೇ ಕೊಡಿ, ಕ್ಯಾಶೇ ಬೇಕೆಂದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಹಳೆ ಟ್ಯೂಬ್ ನಿಮ್ಮದು, ಬಿಟ್ಟು ಬರಬೇಡಿ. ಊರಿಗೆ ಹೋದ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ವಿಡಿಯೋ, ಪಾವತಿಯ ಸ್ಕ್ರೀನ್‌ಶಾಟ್ ಮತ್ತು ಆ ಟ್ಯೂಬಿನ ಫೋಟೋ ಜೊತೆಗಿರಲಿ.